ಎರಡು ಗುಡ್ಡದ ರಕ್ತ

ಚಳಿ ಕಾಲು ಕಿತ್ತಿತ್ತು, ಬಿಸಿಲು ಇನ್ನೂ ಪೂರ್ತಿ ಕಾಲೂರಿರಲಿಲ್ಲ. ಆಸ್ಪತ್ರೆಯ ಹಿಂದಿನ ಅಂಗಳದ ಮರ ಎಲೆ ಉದುರಿಸುವ ಕೆಲಸವನ್ನು ಅರ್ಧಕ್ಕೆ ತಂದಿತ್ತು. ಗುಡಿಸುವವಳು ಏಳಕ್ಕೆ ಗುಡಿಸಿದ ಜಾಗದಲ್ಲೇ ಒಂಬತ್ತಕ್ಕೆ ಮತ್ತೆ ಪೊರಕೆ ಹಿಡಿದು, ಮರಕ್ಕೆ ಕೇಳಿಸುವ ಹಾಗೆ ಗೊಣಗುತ್ತಿದ್ದಳು.

ಒಳಗೆ ಪ್ರಯೋಗಾಲಯದಲ್ಲಿ ಎಂಟು ಮೂಗಿನ ಯಂತ್ರದ ತೋಳು ಕೆಲಸಕ್ಕಿಳಿದು ಆಗಲೇ ಒಂದು ಗಂಟೆಯಾಗಿತ್ತು. ಕೊಳವೆಯಿಂದ ರಕ್ತದ ತಿಳಿಯನ್ನು ಹೀರುವುದು, ತಟ್ಟೆಯ ಗುಣಿಗೆ ಬಿಡುವುದು, ಹಳೆಯ ಮೂಗು ಕಳಚಿ ಬುಟ್ಟಿಗೆ ಹಾಕುವುದು, ಹೊಸದನ್ನು ತೊಡುವುದು. ಅಂಗೈಯಗಲದ ಒಂದು ತಟ್ಟೆಗೆ ತೊಂಬತ್ತಾರು ಗುಣಿ. ನಾಟಿ ಹಾಕುವವರ ಕೈಯಂತೆ ಅದಕ್ಕೂ ಒಂದು ಲಯ ಕೂಡಿಬಂದಿತ್ತು.

ನಿಧಾನಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ಇಲಾಖೆಯ ದಾಖಲೆಯಲ್ಲಿ ಅವರಿಗೆ ಬೇರೆ ಹೆಸರಿತ್ತು, ತನಿಖಾಧಿಕಾರಿ ಎಂಬ ಹುದ್ದೆಯೂ ಇತ್ತು. ಆದರೆ ಮೂವತ್ತು ವರ್ಷದ ನೌಕರಿಯಲ್ಲಿ ಒಂದು ದಿನವೂ ಓಡಿ ಕಳ್ಳನನ್ನು ಹಿಡಿದವರಲ್ಲವಾದ್ದರಿಂದ ಠಾಣೆಯವರು ಇಟ್ಟ ಹೆಸರೇ ಗಟ್ಟಿಯಾಗಿಬಿಟ್ಟಿತ್ತು. ಕಳ್ಳ ಓಡಿ ಓಡಿ ಸುಸ್ತಾಗಿ ಕೂರುವ ಜಾಗಕ್ಕೆ ಈ ಮನುಷ್ಯ ನಡೆದುಕೊಂಡೇ ಹೋಗಿ ತಲುಪುತ್ತಾನೆ ಎಂದು ಅದೇ ಠಾಣೆಯವರು ಒಪ್ಪಿಕೊಳ್ಳುವುದೂ ಉಂಟು.

ಹನ್ನೊಂದು ದಿನದ ಹಿಂದೆ ನಸುಕಿನಲ್ಲಿ, ಸೇತುವೆಯ ತಿರುವಿನ ಹತ್ತಿರ ಹಾಲಿನ ವ್ಯಾನೊಂದು ನಡೆದು ಹೋಗುತ್ತಿದ್ದ ಯುವಕನಿಗೆ ಬಡಿದಿತ್ತು. ಚಾಲಕ ಓಡಿಹೋಗಿರಲಿಲ್ಲ. ಹಾಲಿನ ಕ್ಯಾನುಗಳನ್ನು ರಸ್ತೆಗಿಳಿಸಿ, ಗಾಯಾಳುವನ್ನು ಅದೇ ವ್ಯಾನಿನಲ್ಲಿ ಮಲಗಿಸಿಕೊಂಡು ಬಂದಿದ್ದ. ಯುವಕನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ, ಹುಡುಕಿಕೊಂಡು ಯಾರೂ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಅವನಿಗೆ ಹದಿನಾರನೇ ಹಾಸಿಗೆ ಎಂದೇ ಹೆಸರು.

ಚಾಲಕನ ಬಾಯಲ್ಲಿ ವಾಸನೆ ಇರಲಿಲ್ಲ. ಆದರೆ ಆಸ್ಪತ್ರೆಯ ಹಳೆಯ ಪರೀಕ್ಷೆ ಅವನ ರಕ್ತ ನೋಡಿ, ಇವನು ತಿಂಗಳುಗಟ್ಟಲೆ ಕುಡಿಯುವ ಆಸಾಮಿ ಎಂದು ಬರೆದುಕೊಟ್ಟಿತ್ತು. ಜನ್ಮದಲ್ಲಿ ಮುಟ್ಟಿಲ್ಲ ಎನ್ನುವುದು ಅವನ ಮಾತು. ನಾಳೆ ಬೆಳಗ್ಗೆ ಹನ್ನೊಂದಕ್ಕೆ ನ್ಯಾಯಾಲಯ. ಆ ಕಾಗದ ನಿಂತರೆ ಅವನ ಪರವಾನಗಿಯೂ ಹೋಗುತ್ತಿತ್ತು, ಕೆಲವು ವರ್ಷ ಅವನೂ ಒಳಗೆ ಹೋಗುತ್ತಿದ್ದ.

ಪರದೆಯ ಮುಂದೆ ಕೂತಿದ್ದ ಹೆಂಗಸು ಕೈಗವಸು ಕಳಚಿ ಇತ್ತ ತಿರುಗಿದಳು. ಮಾಸ್ ಸ್ಪೆಕ್ಟ್ರೋಮೀಟರ್ ಎಂದು ಫಲಕ ಹೊತ್ತಿದ್ದ, ಗೋದಾಮಿನ ಬೀರುವಿನಷ್ಟು ದೊಡ್ಡ ಯಂತ್ರವನ್ನು ಹನ್ನೆರಡು ವರ್ಷದಿಂದ ನಡೆಸುತ್ತಿದ್ದವಳು. ಕಣ್ಣಿಗೆ ಕಾಣದ್ದನ್ನು ತೂಗುವ ಯಂತ್ರ ಅದು. ಹಾಗಾಗಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ತಕ್ಕಡಿಯಕ್ಕ.

"ನಿಮ್ಮ ಚಾಲಕ ಕುಡುಕ ಅಲ್ಲ ಸಾರ್," ಎಂದಳು.

ನಿಧಾನಪ್ಪ ತಲೆಯಾಡಿಸಿದರು. "ನನಗೆ ಅರ್ಥ ಆಗೋ ಹಾಗೆ ಹೇಳಿ ಅಕ್ಕಾ. ನಮ್ಮಪ್ಪ ಕುರಿ ಕಾಯ್ತಿದ್ದ. ನನ್ನ ಓದೆಲ್ಲ ಕುರಿ ಹಿಂದೇನೇ ಆಗಿದ್ದು."

"ಹಾಗಾದ್ರೆ ಕುರಿನೇ ಇಟ್ಕೊಳ್ಳೋಣ."

ರಕ್ತದಲ್ಲಿ ಕಬ್ಬಿಣ ಹೊರುವ ಒಂದು ಪ್ರೋಟೀನ್ ಇದೆ, ಅದೇ ಕುರಿ ಎಂದುಕೊಳ್ಳಿ, ಎಂದು ಅವಳು ವಿವರಿಸಿದಳು. ಆ ಕುರಿಯ ಮೈಮೇಲೆ ಉಣ್ಣೆಯ ಹಾಗೆ ಸಕ್ಕರೆಯ ಸರಪಳಿಗಳು, ಎಡಕ್ಕೊಂದು ಬಲಕ್ಕೊಂದು. ತಿಂಗಳುಗಟ್ಟಲೆ ಕುಡಿಯುವವನ ಯಕೃತ್ತು ಮೈಗಳ್ಳನಾಗುತ್ತದೆ, ಒಂದು ಪಕ್ಕಕ್ಕೆ ಉಣ್ಣೆಯೇ ಇಲ್ಲದ ಬೋಳು ಕುರಿಗಳನ್ನೂ ಹೊರಗೆ ಬಿಡುತ್ತದೆ. ಆಸ್ಪತ್ರೆಯ ಹಳೆಯ ಪರೀಕ್ಷೆ ಉಣ್ಣೆ ಎಣಿಸುವುದಿಲ್ಲ. ವಿದ್ಯುತ್ ಹರಿಸಿ ಮಂದೆಯನ್ನು ಓಡಿಸಿ, ಯಾವ ಕುರಿ ಎಷ್ಟು ದೂರ ನಡೆಯಿತು ಎಂದಷ್ಟೇ ನೋಡುತ್ತದೆ.

"ದೂರದಿಂದ ನಡಿಗೆ ನೋಡಿ, ಇದು ಬೋಳು ಅಂತ ತೀರ್ಪು ಕೊಡುತ್ತೆ ಅದು. ನನ್ನ ತಕ್ಕಡಿ ಒಂದೊಂದನ್ನೂ ಎತ್ತಿ ತೂಗುತ್ತೆ. ನಿಮ್ಮ ಚಾಲಕನ ಕುರಿಗಳ ಮೈಯಲ್ಲಿ ಒಂದೆಳೆ ಉಣ್ಣೆನೂ ಕಮ್ಮಿ ಇಲ್ಲ."

"ಮತ್ತೆ ನಡಿಗೆ ಯಾಕೆ ಬೇರೆ ಆಯ್ತು?"

ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. ಅದರ ಮೇಲಿನ ಗೆರೆಯಲ್ಲಿ, ಬೇರೆಯವರ ರಕ್ತಕ್ಕೆ ಒಂದೇ ಗುಡ್ಡ ಏಳುವ ಜಾಗದಲ್ಲಿ ಚಾಲಕನ ರಕ್ತ ಎರಡು ಗುಡ್ಡ ಎಬ್ಬಿಸಿತ್ತು. ಎರಡೂ ಒಂದೇ ಎತ್ತರ, ಅಣ್ಣತಮ್ಮಂದಿರ ಹಾಗೆ ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು. ಅರ್ಧ ಮಂದೆ ತಾಯಿ ಕಡೆಯಿಂದ ಬಂದದ್ದು, ಅರ್ಧ ತಂದೆ ಕಡೆಯಿಂದ. ಅದರಲ್ಲಿ ಒಂದು ಕಡೆಯದಕ್ಕೆ ಹುಟ್ಟಿನಿಂದಲೇ ಒಂದು ಸಣ್ಣ ವ್ಯತ್ಯಾಸ, ನಡಿಗೆ ಬದಲಾದದ್ದು ಅದರಿಂದಲೇ. ಸಕ್ಕರೆಯನ್ನೆಲ್ಲ ಬೋಳಿಸಿ ಹಾಕುವ ದ್ರವ ಹಾಕಿ ಮತ್ತೊಮ್ಮೆ ತೂಗಿದ್ದಳು. ಉಣ್ಣೆ ಹೋಯಿತು, ಗುಡ್ಡ ಎರಡೂ ಎರಡಾಗಿಯೇ ಉಳಿದವು.

ನಿಧಾನಪ್ಪ ಬಹಳ ಹೊತ್ತು ಆ ಗೆರೆಯನ್ನು ನೋಡಿದರು.

"ಕಿವಿ ಗುರುತು," ಎಂದರು ಕೊನೆಗೆ. "ನಮ್ಮಪ್ಪನ ಕುರಿಗಳ ಎಡಗಿವಿಯಲ್ಲಿ ಒಂದು ಕಚ್ಚು ಇರ್ತಿತ್ತು. ಉಣ್ಣೆ ಕತ್ತರಿಸಿ ಮಾರಿದ್ರೂ ಕಿವಿ ಎಲ್ಲಿಗೆ ಹೋಗುತ್ತೆ?"

"ಕಚ್ಚು ನೀವು ಹಾಕಿದ್ದು. ಇದು ಹುಟ್ಟುವಾಗಲೇ ಬರೋದು. ಮಿಕ್ಕಿದ್ದು ಅದೇ ಸಾರ್."

ಇಷ್ಟು ಒಳ್ಳೆಯ ಸುದ್ದಿ ಹೇಳುವವಳ ಮುಖ ಯಾಕೆ ಸಪ್ಪಗಿದೆ ಎಂಬುದನ್ನು ನಿಧಾನಪ್ಪ ಆಗಲೇ ಗಮನಿಸಿದ್ದರು. ಕೇಳಲಿಲ್ಲ. ಕೇಳದಿದ್ದರೆ ಜನ ತಾವಾಗಿಯೇ ಹೇಳುತ್ತಾರೆ ಎಂಬುದು ಅವರ ಅನುಭವ. ಎಂಟು ಮೂಗಿನ ತೋಳು ಎರಡು ಸಾಲು ಮುಗಿಸುವಷ್ಟು ಹೊತ್ತು ಸುಮ್ಮನೆ ಕೂತರು.

ತಕ್ಕಡಿಯಕ್ಕನಿಗೆ ಒಂದು ಅಭ್ಯಾಸವಿತ್ತು. ಪೊಲೀಸರಿಂದ ಬಂದ ಪ್ರತಿ ರಕ್ತದ ಮುಂದಿನ ಗುಣಿಗೆ ಅವಳು ಬರೀ ನೀರು ಬಿಡಿಸುತ್ತಿದ್ದಳು. ಹೊಸದಾಗಿ ಸೇರಿದ ಕಾಲದಲ್ಲಿ ಒಬ್ಬನ ರಕ್ತದ ಅಂಟು ಪಕ್ಕದವನ ಲೆಕ್ಕಕ್ಕೆ ಹತ್ತಿ, ತಪ್ಪಿಲ್ಲದ ಒಬ್ಬ ಮನುಷ್ಯನ ಕೆಲಸ ಹೋಗಿತ್ತು. ಅವತ್ತಿನಿಂದ ನೀರಿನ ಗುಣಿ ಶುರುವಾಯಿತು. ಗುಣಿ ದಂಡ ಎಂದು ಮೇಲಿನವರು ಬೈಯುತ್ತಿದ್ದರು. ಜೊತೆಯವರು, ಅಕ್ಕ ಬೆಳಗಾಗೆದ್ದು ಯಂತ್ರಕ್ಕೂ ಬಾಯಾರಿಕೆ ಕೇಳುತ್ತಾಳೆ ಎಂದು ನಗುತ್ತಿದ್ದರು. ಅವಳು ಬಿಟ್ಟಿರಲಿಲ್ಲ.

ಚಾಲಕನ ರಕ್ತ ಮೊದಲು ತೂಗಿದ ದಿನದ ತಟ್ಟೆಯಲ್ಲಿ ನಲವತ್ತೊಂದನೇ ಗುಣಿ ಚಾಲಕನದು. ನಲವತ್ತೆರಡು ನೀರು. ನಲವತ್ತಮೂರು ಹದಿನಾರನೇ ಹಾಸಿಗೆಯವನದು.

ತೂಕ ಮುಗಿದ ಮೇಲೆ ಗುಡ್ಡಗಳನ್ನು ಓದಿ ಹೆಸರಿಡುವುದೂ ಯಂತ್ರದ್ದೇ ಕೆಲಸ. ಹತ್ತಿರದ ಎರಡು ಗುಣಿಯಲ್ಲಿ ಒಂದೇ ಥರದ ಅಪರೂಪದ ಗುಡ್ಡ ಕಂಡರೆ ಅದು ಎರಡನೆಯದನ್ನು ನಂಬುವುದಿಲ್ಲ, ಹಿಂದಿನದರ ಅಂಟು ಎಂದು ಬರೆದು ಪಕ್ಕಕ್ಕೆ ಸರಿಸುತ್ತದೆ. ಸರಿಸುವ ಮುನ್ನ ಒಪ್ಪಿಗೆಯೇ ಎಂದು ಕೇಳುತ್ತದೆ. ದಿನಕ್ಕೆ ಅಂಥ ಅರವತ್ತು ಪ್ರಶ್ನೆ.

"ಒಪ್ಪಿಗೆ ಅಂತ ಒತ್ತಿಬಿಟ್ಟೆ ಸಾರ್," ಎಂದಳು ತಕ್ಕಡಿಯಕ್ಕ. "ನೀರು ಇಟ್ಟವಳೂ ನಾನೇ, ನೀರನ್ನ ನೋಡದೆ ಒತ್ತಿದವಳೂ ನಾನೇ."

ನಿನ್ನೆ ಸಂಜೆ ಹಳೆಯ ತಟ್ಟೆಗಳ ಲೆಕ್ಕ ಮುಚ್ಚುವಾಗ ಅವಳಿಗೆ ನಲವತ್ತೆರಡರ ಗೆರೆ ಕಣ್ಣಿಗೆ ಬಿದ್ದಿತ್ತು. ಉತ್ತ ಹೊಲವನ್ನು ಹಲಗೆ ಹೊಡೆದು ಮಟ್ಟ ಮಾಡಿದ ಹಾಗೆ ಚಪ್ಪಟೆ. ಗುಡ್ಡವಿಲ್ಲ, ದಿಣ್ಣೆಯೂ ಇಲ್ಲ.

"ಹಳ್ಳ ದಾಟಿದ ಕುರಿ ಮೈ ಒದ್ದೆ ಆಗದೆ ಆಚೆ ದಡಕ್ಕೆ ಬರಲ್ಲ," ಎಂದರು ನಿಧಾನಪ್ಪ ನಿಧಾನವಾಗಿ. "ಚಾಲಕನ ರಕ್ತ ನಲವತ್ತಮೂರಕ್ಕೆ ಅಂಟಬೇಕಾದ್ರೆ ಮೊದಲು ನೀರಿಗೆ ಅಂಟಬೇಕಿತ್ತು."

"ನೀರು ಚೊಕ್ಕ ಇದೆ. ಹದಿನಾರನೇ ಹಾಸಿಗೆಯವನ ಮೂಲ ಕೊಳವೆ ತೆಗೆದು, ಬೇರೆ ತಟ್ಟೆಯಲ್ಲಿ ಅವನೊಬ್ಬನದೇ ಇಟ್ಟು ತೂಗಿಸಿದೆ. ಎರಡು ಗುಡ್ಡ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಹನ್ನೆರಡು ವರ್ಷದಲ್ಲಿ ಈ ತೂಕದ ಜೋಡಿ ನಾನು ಇನ್ನೊಬ್ಬರಲ್ಲಿ ನೋಡಿಲ್ಲ."

ಇದು ನಂಟಸ್ತಿಕೆಯ ಪ್ರಮಾಣಪತ್ರ ಅಲ್ಲ, ಅದಕ್ಕೆ ಡಿಎನ್‌ಎ ಮಾಡಿಸಬೇಕು, ಎರಡು ವಾರ ಹಿಡಿಯುತ್ತದೆ ಎಂದೂ ಅವಳೇ ಸೇರಿಸಿದಳು. ಅವಳ ದನಿಯಲ್ಲಿ ಎರಡು ವಾರ ಎಂಬುದು ಬಹಳ ದೂರದ ಊರಿನಂತೆ ಕೇಳಿಸಿತು.

ನಿಧಾನಪ್ಪ ಜೇಬಿನಿಂದ ಪುಸ್ತಕ ತೆಗೆದು ಮೊದಲ ಪುಟ ತೆರೆದರು. ಅಪಘಾತದ ಮರುದಿನ ಚಾಲಕನನ್ನು ಹದಿನಾರನೇ ಹಾಸಿಗೆಯ ಪಕ್ಕದಲ್ಲೇ ನಿಲ್ಲಿಸಿಕೊಂಡು ಬರೆಸಿಕೊಂಡ ಹೇಳಿಕೆ. 'ಈ ಮುಖವನ್ನು ನಾನು ಈ ಮೊದಲು ಎಲ್ಲಿಯೂ ನೋಡಿಲ್ಲ.' ಕೆಳಗೆ ಚಾಲಕನ ಸಹಿ. ಶಾಲೆ ಬೇಗ ಬಿಟ್ಟವರ, ಒಂದೊಂದು ಅಕ್ಷರವನ್ನೂ ಒತ್ತಿ ಬರೆದ ಸಹಿ.

ಗುರುತಿಲ್ಲದವನಿಗೆ ಗಾಡಿ ಬಡಿದರೆ ಅದು ಅಪಘಾತ. ಒಡಹುಟ್ಟಿದವನಿಗೆ ಬಡಿದು, ಗುರುತೇ ಇಲ್ಲ ಎಂದರೆ ಅದಕ್ಕೆ ಬೇರೆ ಹೆಸರಿದೆ. ಕುಡುಕನೆಂಬ ಪಟ್ಟವನ್ನು ಬಿಚ್ಚಿದ ಕೈಯೇ ಅದಕ್ಕಿಂತ ಭಾರದ ಪಟ್ಟ ಕಟ್ಟಲು ಬರುತ್ತಿತ್ತು.

"ಈ ನಲವತ್ತಮೂರನ್ನ ವರದಿಗೆ ಸೇರಿಸಲಾ ಸಾರ್?" ಎಂದು ಅವಳು ಕೇಳಿದಳು.

"ಸೇರಿಸದೆ ಇರೋಕೆ ಆಗುತ್ತಾ?"

"ಆಗಲ್ಲ."

"ಮತ್ತೆ ನನ್ನನ್ನ ಯಾಕೆ ಕೇಳ್ತೀರಿ," ಎಂದು ನಿಧಾನಪ್ಪ ಸ್ಟೂಲಿನಿಂದ ಎದ್ದರು. "ಸಾಯಂಕಾಲ ಐದರ ತನಕ ತಡೀರಿ. ಅಷ್ಟರಲ್ಲಿ ಒಂದು ಸಲ ವಾರ್ಡಿಗೆ ಹೋಗಿ ಬರ್ತೀನಿ."

*

ಹದಿನಾರನೇ ಹಾಸಿಗೆ ಕಿಟಕಿಯ ಪಕ್ಕದಲ್ಲಿತ್ತು. ಯುವಕ ಅಂಗಾತ ಮಲಗಿದ್ದ. ತಲೆಗೆ ಸುತ್ತಿದ ಪಟ್ಟಿಯ ಕೆಳಗೆ ಅಗಲವಾದ ಹಣೆ. ಹಲ್ಲು, ಎಲುಬು ನೋಡಿದ ವೈದ್ಯರು ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸಿರಬೇಕು, ಅದಕ್ಕಿಂತ ಮೇಲಿಲ್ಲ ಎಂದು ಬರೆದಿದ್ದರು.

ಹಾಸಿಗೆಯ ತುದಿಯಲ್ಲಿ ಚಾಲಕನ ತಾಯಿ ಕೂತು, ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದಳು. ಅರವತ್ತರ ಅಂಚಿನ ಗಟ್ಟಿ ಹೆಂಗಸು. ಎರಡನೇ ದಿನದಿಂದ ಒಂದು ಮಧ್ಯಾಹ್ನವನ್ನೂ ತಪ್ಪಿಸಿಲ್ಲ ಎಂದು ದಾದಿ ಹೇಳಿದ್ದಳು. ಮೈ ಒರೆಸುವುದು, ತಲೆ ಬಾಚುವುದು, ಹತ್ತಿಯನ್ನು ಲೋಟದ ನೀರಲ್ಲಿ ಅದ್ದಿ ತುಟಿ ಒದ್ದೆ ಮಾಡುವುದು. ಅದರಲ್ಲೂ ಆ ತುಟಿ ಒದ್ದೆ ಮಾಡುವುದನ್ನು ದಾದಿಯ ಕೈಗೂ ಬಿಡುತ್ತಿರಲಿಲ್ಲ. ನನ್ನ ಮಗನ ಗಾಡಿ ಕೆಡವಿದ್ದು, ನನ್ನ ಕೈ ಎತ್ತಬೇಕು ಎನ್ನುತ್ತಿದ್ದಳಂತೆ. ನಿಧಾನಪ್ಪ ಅದನ್ನು ಪಶ್ಚಾತ್ತಾಪ ಎಂದು ಬರೆದುಕೊಂಡು ಪುಟ ತಿರುಗಿಸಿದ್ದರು. ಇವತ್ತು ಆ ಪುಟಕ್ಕೆ ವಾಪಸು ಬಂದಿದ್ದರು.

ಚಾಲಕ ಎಂದಿನಂತೆ ಹೊರಗಿನ ಓಣಿಯಲ್ಲಿದ್ದ. ಜಾಮೀನಿನ ಮೇಲೆ ಬಿಟ್ಟ ದಿನದಿಂದ ತಾಯಿಯನ್ನು ಕರೆತರುತ್ತಾನೆ, ಬಾಗಿಲ ತನಕ ಬರುತ್ತಾನೆ, ಹೊಸ್ತಿಲು ದಾಟುವುದಿಲ್ಲ. ನಿಧಾನಪ್ಪ ಒಳಗೆ ಬರುವ ಮೊದಲು ಅವನ ಹತ್ತಿರ ನಿಂತು ಮನೆಯ ಮಾತು ಕೇಳಿದ್ದರು. ಅವನು ಒಬ್ಬನೇ ಮಗ. ಅವನ ಅಪ್ಪನೂ ಒಬ್ಬನೇ ಮಗ, ಹಾಗಾಗಿ ದೊಡ್ಡಪ್ಪ ಚಿಕ್ಕಪ್ಪ ಅಂತ ಯಾರೂ ಇಲ್ಲ. ಅವನಿಗೆ ಆರು ವರ್ಷವಾಗಿದ್ದಾಗ ಅಪ್ಪ ದುಡಿಯುತ್ತಿದ್ದ ದೋಣಿ ನದಿಯಲ್ಲಿ ಮಗುಚಿತ್ತು. ಮೂವರ ದೇಹ ಸಿಕ್ಕಿತು, ಅಪ್ಪನದು ಸಿಗಲಿಲ್ಲ. ಈಗ ಅದಕ್ಕೆ ಮೂವತ್ತು ವರ್ಷ. ಇಷ್ಟನ್ನೂ ಅವನು ನಿಧಾನಪ್ಪನವರ ಮುಖ ನೋಡದೆ, ಗೋಡೆಯ ಮೇಲಿನ ಕೈ ತೊಳೆಯಿರಿ ಎಂಬ ಫಲಕಕ್ಕೆ ಹೇಳಿದ್ದ.

ನಿಧಾನಪ್ಪ ಹತ್ತು ಬೆರಳೂ ಮುಗಿಯುವ ತನಕ ಕಾದರು. ಆಕೆ ಕತ್ತರಿಸಿದ ಉಗುರನ್ನು ಕಾಗದದಲ್ಲಿ ಮಡಚಿಟ್ಟಳು. ಆಮೇಲೆ ಅವರು ಎರಡು ಗುಡ್ಡದ ವಿಷಯ ಹೇಳಿದರು. ಮುಚ್ಚಿಡಲಿಲ್ಲ, ಹೆದರಿಸಲಿಲ್ಲ. ನಿಮ್ಮ ಮಗ ಕುಡುಕನಲ್ಲ ಎಂದು ಮೊದಲು ಹೇಳಿದರು. ಅವನ ರಕ್ತದ ಗುರುತೇ ಇವನಲ್ಲೂ ಇದೆ ಎಂದು ಆಮೇಲೆ ಹೇಳಿದರು. ಮದುವೆಗೆ ಮುಂಚೆಯೋ ನಂತರವೋ ಹೆತ್ತು ಬೇರೆಯವರ ಮಡಿಲಿಗೆ ಹಾಕಿದ ಮಗು ಯಾವುದಾದರೂ ಉಂಟೇ, ಅದನ್ನು ಜರಿಯಲು ಬಂದವನಲ್ಲ ನಾನು ಎಂದು ಕೊನೆಗೆ ಕೇಳಿದರು.

ಆಕೆ ಅವರ ಮುಖವನ್ನೇ ನೋಡಿ ಸಣ್ಣಗೆ ನಕ್ಕಳು.

"ನಾನು ಹೆತ್ತಿದ್ದು ಒಬ್ಬನ್ನೇ ಸಾಹೇಬರೇ. ಅವನೊಬ್ಬನೇ ನಾಲ್ಕು ಮಕ್ಕಳಷ್ಟು ಹೈರಾಣ ಮಾಡಿದ, ಇನ್ನೊಂದಕ್ಕೆ ತ್ರಾಣ ಎಲ್ಲಿತ್ತು."

"ಯಂತ್ರ ಬೇರೆ ಹೇಳ್ತಿದೆ ತಾಯಿ."

"ಯಂತ್ರಕ್ಕೆ ನನ್ನದೂ ಕೊಡಿ, ತೂಗಲಿ," ಎಂದು ಆಕೆ ತೋಳು ಮೇಲಕ್ಕೆ ಸರಿಸಿದಳು. "ಎಡಗೈ ಬೇಕಾ, ಬಲಗೈನಾ?"

ದಾದಿ ಬಂದು ರಕ್ತ ತೆಗೆಯುವಾಗ ನಿಧಾನಪ್ಪ ಸೂಜಿಯನ್ನು ನೋಡಲಿಲ್ಲ, ಆಕೆಯ ಮುಖ ನೋಡಿದರು. ಸೂಜಿ ಕಂಡರೆ ಜನ ಹೆದರುತ್ತಾರೆ, ಇಲ್ಲವೆ ಹೆದರದವರಂತೆ ನಟಿಸುತ್ತಾರೆ. ಈಕೆ ಎರಡೂ ಮಾಡಲಿಲ್ಲ. ಬಹಳ ದಿನದಿಂದ ಬಾಗಿಲು ತಟ್ಟುವವರಿಗಾಗಿ ಕಾದು ಕೂತವಳ ಹಾಗೆ ಕೈ ಚಾಚಿದ್ದಳು.

*

ಒಂದೇ ಕೊಳವೆಯಾದರೂ ತಕ್ಕಡಿಯಕ್ಕ ಕ್ರಮ ತಪ್ಪಿಸಲಿಲ್ಲ. ಆ ಹೆಂಗಸಿನ ಗುಣಿ, ಪಕ್ಕದಲ್ಲಿ ನೀರಿನ ಗುಣಿ. ನಾಲ್ಕೂವರೆಯ ಹೊತ್ತಿಗೆ ಗೆರೆ ಪರದೆಯ ಮೇಲೆ ಏಳತೊಡಗಿತು. ಇಬ್ಬರೂ ಒಲೆಯ ಮೇಲಿನ ಹಾಲನ್ನು ನೋಡುವ ಹಾಗೆ ನೋಡುತ್ತ ನಿಂತರು.

ನೀರು ಚಪ್ಪಟೆ. ತಾಯಿಯದು ಒಂದೇ ಗುಡ್ಡ.

ಉಣ್ಣೆ ಬೋಳಿಸಿ ಮತ್ತೆ ತೂಗಿದ್ದೂ ಬಂತು. ಅದರಲ್ಲೂ ಒಂದೇ.

"ಆಕೆ ಹೇಳಿದ್ದು ನಿಜ," ಎಂದಳು ತಕ್ಕಡಿಯಕ್ಕ. "ಈ ಗುರುತು ಆಕೆಯಿಂದ ಬಂದಿದ್ದಲ್ಲ. ಚಾಲಕನಿಗೆ ಬಂದಿರೋದು ಅಪ್ಪನ ಕಡೆಯಿಂದಲೇ."

ನಿಧಾನಪ್ಪ ಕುರಿ ಎಣಿಸುವವರ ಹಾಗೆ ಬೆರಳು ಮಡಚತೊಡಗಿದರು. ಅಪ್ಪನಿಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ಮುಳುಗಿ ಮೂವತ್ತು ವರ್ಷ. ಹದಿನಾರನೇ ಹಾಸಿಗೆಗೆ ಇಪ್ಪತ್ತೈದು. ಮಡಚಿದ ಬೆರಳನ್ನು ಬಿಚ್ಚಿ ಇನ್ನೊಮ್ಮೆ ಎಣಿಸಿದರು. ಐದು ಬೆರಳು ಮಿಕ್ಕೇ ಮಿಗುತ್ತಿತ್ತು.

"ಸತ್ತು ಐದು ವರ್ಷಕ್ಕೆ ಯಾರಿಗೂ ಮಗ ಹುಟ್ಟಲ್ಲ ಅಕ್ಕಾ."

"ನನ್ನ ತಕ್ಕಡಿ ಸತ್ತವರನ್ನ ಎಬ್ಬಿಸಲ್ಲ ಸಾರ್."

"ಎಬ್ಬಿಸಿಬಿಟ್ಟಿದೆ," ಎಂದು ನಿಧಾನಪ್ಪ ಬಾಗಿಲತ್ತ ನಡೆದರು.

ತಾಯಿ ಅಂಗಳದ ಮರದ ಕೆಳಗಿನ ಕಲ್ಲು ಬೆಂಚಿನ ಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಮಗ ಎಲ್ಲಿ ಎಂದು ಕೇಳಿದ್ದಕ್ಕೆ, ಕುಡಿಯಲು ನೀರು ತರಲು ಹೋಗಿದ್ದಾನೆ ಎಂದಳು. ನಿಧಾನಪ್ಪ ಒಣಗಿದ ಎಲೆಗಳನ್ನು ಕೈಯಿಂದ ಸರಿಸಿ ಪಕ್ಕದಲ್ಲಿ ಕೂತರು. ಬಿಸಿಲು ಗೋಡೆಯ ಅರ್ಧಕ್ಕೆ ಏರಿತ್ತು. ಆಕೆಯ ರಕ್ತದಲ್ಲಿ ಒಂದೇ ಗುಡ್ಡ ಎಂದು ಹೇಳಿದರು. ಅದಕ್ಕೆ ಆಕೆ, ಗೊತ್ತಿದ್ದ ಬೆಲೆಯನ್ನು ಅಂಗಡಿಯವನ ಬಾಯಲ್ಲಿ ಕೇಳಿದವಳಂತೆ ತಲೆಯಾಡಿಸಿದಳು.

"ತಾಯಿ, ನಿಮ್ಮ ಯಜಮಾನರು ಎಲ್ಲಿದ್ದಾರೆ?"

ಆಕೆ ಚೀಲದ ಹಿಡಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಅವರು ಸತ್ತರು ಅಂತ ನಾನು ಯಾವತ್ತೂ ಹೇಳಿಲ್ಲ ಸಾಹೇಬರೇ. ಊರು ಹೇಳ್ತು. ನಾನು ಸುಮ್ಮನಿದ್ದೆ."

ದೋಣಿ ಮಗುಚಿದ ಸುದ್ದಿ ಬಂದಾಗ ಆಕೆ ಮೊದಲು ಓಡಿದ್ದು ನದಿಗಲ್ಲ, ಒಳಗಿನ ಪೆಟ್ಟಿಗೆಗೆ. ಗಂಡನ ಎರಡು ಒಳ್ಳೆಯ ಅಂಗಿಗಳು ಅಲ್ಲಿರಲಿಲ್ಲ. ದೋಣಿ ಕೆಲಸಕ್ಕೆ ಹೋಗುವವನು ಒಳ್ಳೆಯ ಅಂಗಿಯನ್ನು ಗಂಟು ಕಟ್ಟಿಕೊಂಡು ಹೋಗುವುದಿಲ್ಲ. ಆಕೆ ಪೆಟ್ಟಿಗೆ ಮುಚ್ಚಿ ಹೊರಗೆ ಬಂದು, ಮಿಕ್ಕವರ ಜೊತೆ ಕೂತು ಅತ್ತಳು.

"ಗಂಡ ಸತ್ತವಳಿಗೆ ಜನ ಕನಿಕರ ತೋರಿಸ್ತಾರೆ. ಗಂಡ ಬಿಟ್ಟುಹೋದವಳಿಗೆ ಪ್ರಶ್ನೆ ಕೇಳ್ತಾರೆ. ಆರು ವರ್ಷದ ಮಗು ಕಟ್ಟಿಕೊಂಡು ನಾನು ಎಷ್ಟು ಪ್ರಶ್ನೆಗೆ ಉತ್ತರ ಕೊಡಲಿ."

ಹನ್ನೆರಡು ದಿನದ ಹಿಂದೆ ಸಂಜೆ, ಅಪಘಾತಕ್ಕೆ ಒಂದು ರಾತ್ರಿ ಮುಂಚೆ, ಬಾಗಿಲು ತಟ್ಟಿದ ಸದ್ದಾಯಿತು. ತೆಗೆದು ನೋಡಿದರೆ ಹೊಸ್ತಿಲಾಚೆ ಮೂವತ್ತು ವರ್ಷ ಹಿಂದಿನ ಗಂಡ ನಿಂತಿದ್ದ. ಅದೇ ಹಣೆ, ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಅದೇ ನಿಲುವು. ಆದರೆ ಇವನಿಗೆ ಮೀಸೆ ಇನ್ನೂ ಎಳೆಯದು. ದೂರದಿಂದ ನಡೆದು ಬಂದಿದ್ದ, ತುಟಿ ಒಡೆದಿದ್ದವು. ಅಪ್ಪ ಕಳಿಸಿದ್ದಾರೆ ಎಂದ. ಆಮೇಲೆ, ಸ್ವಲ್ಪ ನೀರು ಕೊಡ್ತೀರಾ ಅಮ್ಮಾ ಎಂದ.

"ಬ್ಯಾಗು ಮಾರೋನು ಬಂದ್ರೂ, ಬಿಲ್ಲು ಕೊಡೋನು ಬಂದ್ರೂ ನೀರು ಕೊಟ್ಟ ಮನೆ ಸಾಹೇಬರೇ ನಮ್ಮದು. ಅವತ್ತು ನಾನು ಬಾಗಿಲು ಹಾಕಿಕೊಂಡೆ. ಅಪ್ಪನ ತಪ್ಪಿಗೆ ಮಗನ ಬಾಯಾರಿಕೆ ಯಾಕೆ ಸಾಲ ತೀರಿಸಬೇಕಿತ್ತು, ಹೇಳಿ. ಬೆಳಗಾದ್ರೆ ಅವನು ರಸ್ತೆ ಮೇಲೆ ಬಿದ್ದಿದ್ದ."

ಹತ್ತಿಯಲ್ಲಿ ಅದ್ದಿ ಹನಿ ಹನಿಯಾಗಿ ತೀರಿಸುತ್ತಿದ್ದ ಋಣ ಯಾವುದೆಂದು ನಿಧಾನಪ್ಪನವರಿಗೆ ಈಗ ತಿಳಿಯಿತು. ಪಶ್ಚಾತ್ತಾಪ ಎಂದು ಬರೆದಿದ್ದು ತಪ್ಪಲ್ಲ, ಅದು ಮಗನ ತಪ್ಪಿಗೆ ಎಂದುಕೊಂಡದ್ದು ತಪ್ಪಾಗಿತ್ತು.

ಅವರು ಕಾಲ ಬಳಿಯ ಒಂದು ಎಲೆಯನ್ನು ಎತ್ತಿಕೊಂಡು, ಅದರ ತೊಟ್ಟನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದರು.

"ಆಗ ಮನೆಯಲ್ಲಿ ನೀವೊಬ್ಬರೇ ಇದ್ರಾ?"

"ಮಗ ಹಿತ್ತಿಲಲ್ಲಿ ಕ್ಯಾನು ತೊಳೀತಿದ್ದ. ಎಲ್ಲ ಕೇಳಿಸಿಕೊಂಡಿರಬೇಕು. ನಾನು ಬಾಗಿಲು ಹಾಕಿದ್ದೇ ತಡ, ಚೊಂಬಿಗೆ ನೀರು ತುಂಬಿಕೊಂಡು ಹಿಂದೇನೇ ಓಡಿದ." ಆಕೆಯ ಮುಖದಲ್ಲಿ ಹೆಮ್ಮೆ ಮೂಡಿತು. "ನನ್ನ ಥರ ಕಲ್ಲಲ್ಲ ಅವನು. ಆದ್ರೆ ಇವನು ಸಿಕ್ಕನೋ ಇಲ್ವೋ, ನೀರು ಕೊಟ್ಟನೋ ಇಲ್ವೋ, ಇವತ್ತಿನ ತನಕ ಅವನೂ ಹೇಳಿಲ್ಲ, ನಾನೂ ಕೇಳಿಲ್ಲ. ಕೇಳೋಕೆ ಯಾವ ಬಾಯಿ ನನಗೆ. ಅದೊಂದೇ ಒಳಗೆ ಕೊರೀತಾ ಇದೆ."

ಎಲೆಯ ತೊಟ್ಟು ತಿರುಗುವುದು ನಿಂತಿತು.

ಮಗನ ಒಳ್ಳೆಯತನಕ್ಕೆ ಸಾಕ್ಷಿ ಹೇಳಿದೆ ಎಂದು ತಾಯಿ ತಿಳಿದಿದ್ದಳು. ನಿಧಾನಪ್ಪನವರ ಜೇಬಿನಲ್ಲಿ, ಮೊದಲ ಪುಟದಲ್ಲಿ, ಈ ಮುಖವನ್ನು ಎಲ್ಲಿಯೂ ನೋಡಿಲ್ಲ ಎಂಬ ಸಾಲು ಸಹಿಯ ಸಮೇತ ಬೆಚ್ಚಗೆ ಕೂತಿತ್ತು. ಆ ಸಾಲಿನ ಸುದ್ದಿ ಆಕೆಗೆ ಗೊತ್ತಿರಲಿಲ್ಲ.

ಚಾಲಕ ಬರುತ್ತಿದ್ದ. ಎರಡು ಕೈಯಲ್ಲೂ ಲೋಟ, ತುಳುಕದ ಹಾಗೆ ನೆಲ ನೋಡಿಕೊಂಡು ಹೆಜ್ಜೆ ಹಾಕುತ್ತಿದ್ದ. ಒಂದನ್ನು ತಾಯಿಗೆ ಕೊಟ್ಟ, ಇನ್ನೊಂದನ್ನು ನಿಧಾನಪ್ಪನವರ ಮುಂದೆ ಹಿಡಿದ. ಬೆಳಗಿನಿಂದ ಓಡಾಡ್ತಿದ್ದೀರಿ, ತಗೊಳ್ಳಿ ಎಂದ. ತನಗೆ ತಂದುಕೊಂಡಿರಲಿಲ್ಲ.

ನಿಧಾನಪ್ಪನವರಿಗೆ ನಿಜವಾಗಿಯೂ ಬಾಯಾರಿತ್ತು. ಲೋಟ ತೆಗೆದುಕೊಂಡರು. ತುಟಿಯ ತನಕ ತಂದರು. ಆಮೇಲೆ ಅದನ್ನು ಬೆಂಚಿನ ಮೇಲೆ, ತಮಗೂ ಆ ತಾಯಿಗೂ ನಡುವೆ ಇಟ್ಟರು.

"ನಿಮ್ಮನ್ನ ಒಂದೇ ಮಾತು ಕೇಳ್ತೀನಿ," ಎಂದರು. "ಅವತ್ತು ಸಂಜೆ ಅವನು ನೀರು ಕುಡಿದನಾ?"

ಚಾಲಕನಿಗೆ ಜಾರಿಕೊಳ್ಳಲು ಎರಡು ದಾರಿ ಇದ್ದವು. ಯಾರು, ಯಾವ ಸಂಜೆ ಎಂದು ಕೇಳಿದ್ದರೆ ಸಾಕಿತ್ತು. ಇಲ್ಲ, ನಾನು ಹೋಗುವಷ್ಟರಲ್ಲಿ ಮರೆಯಾಗಿದ್ದ ಎಂದರೂ ಸಾಕಿತ್ತು. ಆ ಎರಡು ದಾರಿಯೂ ಅವನ ಕಣ್ಣ ಮುಂದೆ ಹಾದುಹೋದದ್ದನ್ನು ನಿಧಾನಪ್ಪ ನೋಡಿದರು. ಮುಂಜಾನೆಯಿಂದ ಆ ಲೋಟ, ಈ ಹತ್ತಿ, ಆ ತಟ್ಟೆ ಎಂದು ನೀರು ಎಲ್ಲೆಲ್ಲಿ ಸಾಕ್ಷಿ ಹೇಳಿತ್ತೋ, ಅದೆಲ್ಲ ಈಗ ಈ ಮನುಷ್ಯನ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಆದರೆ ಅವನು ತಾಯಿಯ ಕಡೆ ತಿರುಗಿದ. ಆಕೆ ಲೋಟ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಕೊಂಡು, ಹನ್ನೆರಡು ದಿನ ಕೇಳಲಾಗದೆ ನುಂಗಿದ ಪ್ರಶ್ನೆಗೆ ಉತ್ತರವನ್ನು ಮಗನ ಮುಖದಲ್ಲಿ ಹುಡುಕುತ್ತಿದ್ದಳು.

"ಕುಡಿದ," ಎಂದ ಚಾಲಕ. "ಚೊಂಬು ಪೂರ್ತಿ. ಇನ್ನೂ ಇದೆಯಾ ಅಂತ ಕೇಳಿದ."

ತಾಯಿ ಕಣ್ಣು ಮುಚ್ಚಿದಳು. ಬಹಳ ದೂರದಿಂದ ಹೊತ್ತು ತಂದ ಹೊರೆಯನ್ನು ಜಗಲಿಗೆ ಇಳಿಸಿದವರಂತೆ ಆಕೆಯ ಭುಜ ಕೆಳಗಿಳಿಯಿತು. ಲೋಟವನ್ನು ಎರಡು ಕೈಯಲ್ಲೂ ಹಿಡಿದು, ಇಷ್ಟು ದಿನದಲ್ಲಿ ಮೊದಲ ಬಾರಿ ಎಂಬಂತೆ, ಒಂದೇ ಉಸಿರಿಗೆ ನೀರು ಕುಡಿದಳು.

ನಿಧಾನಪ್ಪ ಜೇಬಿನಿಂದ ಪುಸ್ತಕ ತೆಗೆದು ಮೊದಲ ಪುಟ ಬಿಚ್ಚಿ ಚಾಲಕನ ಮುಂದೆ ಹಿಡಿದರು. ಅವನು ಅದನ್ನು ಓದಲಿಲ್ಲ. ಒತ್ತಿ ಬರೆದ ತನ್ನದೇ ಸಹಿಯ ಮೇಲೆ ಒಮ್ಮೆ ಕಣ್ಣಾಡಿಸಿ, ತಾಯಿಯ ಕೈಯಿಂದ ಬರಿದಾದ ಲೋಟ ತೆಗೆದುಕೊಂಡ.

"ಮೊದಲು ಅಮ್ಮನ್ನ ಮನೆಗೆ ಬಿಟ್ಟು ಬರ್ಲಾ ಸಾರ್?" ಎಂದು ಮೆಲ್ಲಗೆ ಕೇಳಿದ. "ಆಮೇಲೆ ಎಲ್ಲ ಹೇಳ್ತೀನಿ. ಅಪ್ಪ ಎಲ್ಲಿದ್ದಾರೆ ಅನ್ನೋದೂ."